ಶಿವಮೊಗ್ಗದಲ್ಲಿ ಕೂತು ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್ ಮಾಡೆಲ್ ಕಟ್ಟಲು ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ಎಂಜಿನಿಯರಿಂಗ್ ಮತ್ತು ಬಿಎಸ್ಸಿ ಹುಡುಗರು, ಹುಡುಗಿಯರು ಈ ವಿಷಯದ ಬಗ್ಗೆ ತುಂಬಾ ಕೇಳುತ್ತಾರೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವವರೂ ಕೇಳುತ್ತಾರೆ. ಒಮ್ಮೊಮ್ಮೆ ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಎಂದು ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಗಣಿತ, ಕೋಡಿಂಗ್ ಸ್ವಲ್ಪ ಗೊತ್ತಿದ್ದು, ಷೇರು ಮಾರುಕಟ್ಟೆಯ ಒಳಗಿನ ಕೆಲಸ ಗೊತ್ತಿಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹೈ-ಫ್ರೀಕ್ವೆನ್ಸಿ ಟ್ರೇಡಿಂಗ್ ಅಂದರೆ ನಿಜವಾಗಿ ಏನು?

ಕಂಪ್ಯೂಟರ್ ಪ್ರೋಗ್ರಾಂ ತಾನಾಗಿಯೇ ಆರ್ಡರ್ ಹಾಕುತ್ತದೆ, ಬದಲಿಸುತ್ತದೆ, ರದ್ದು ಮಾಡುತ್ತದೆ. ಇಷ್ಟೆಲ್ಲ ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಕೊಂಡದ್ದನ್ನು ಕೆಲವೇ ಸೆಕೆಂಡು ಅಥವಾ ನಿಮಿಷಗಳಲ್ಲಿ ಮಾರಿಬಿಡುತ್ತದೆ. ಒಂದು ವ್ಯವಹಾರದಲ್ಲಿ ಸಿಗುವುದು ಪೈಸೆಗಳ ಲೆಕ್ಕ. ದಿನಕ್ಕೆ ಸಾವಿರಾರು ವ್ಯವಹಾರ ಆದಾಗ ಅದು ದುಡ್ಡಾಗುತ್ತದೆ.

ಹೆಚ್ಚಿನವರು ಮಾಡುವುದು ಎರಡು ಬಗೆಯ ಕೆಲಸ. ಒಂದು, ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆ ಎರಡನ್ನೂ ಸದಾ ಹಾಕಿಟ್ಟು ನಡುವಿನ ಅಂತರವನ್ನು ಗಳಿಸುವುದು. ಇದಕ್ಕೆ ಮಾರ್ಕೆಟ್ ಮೇಕಿಂಗ್ ಎನ್ನುತ್ತಾರೆ. ಇನ್ನೊಂದು, ಒಂದೇ ವಸ್ತುವಿಗೆ ಎರಡು ಕಡೆ ಎರಡು ಬೆಲೆ ಬಂದಾಗ ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವುದು, ಅಂದರೆ ಆರ್ಬಿಟ್ರಾಜ್. ಎನ್‌ಎಸ್‌ಇ ಮತ್ತು ಬಿಎಸ್‌ಇ ಎನ್ನುವ ಎರಡು ಷೇರು ಎಕ್ಸ್‌ಚೇಂಜ್‌ಗಳ ನಡುವೆ, ಫ್ಯೂಚರ್ಸ್ (ಮುಂದಿನ ದಿನದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಷೇರಿನ ನಡುವೆ, ಕಾಲ್ ಮತ್ತು ಪುಟ್ ಆಪ್ಷನ್ (ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕು, ಮಾರುವ ಹಕ್ಕು) ನಡುವೆ ಇದು ನಡೆಯುತ್ತದೆ.

ಕಂಪನಿ ಒಳ್ಳೆಯದಾ, ಬ್ಯಾಲೆನ್ಸ್ ಶೀಟ್ ಹೇಗಿದೆ ಎನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಾಡೆಲ್‌ಗೆ, ಅಂದರೆ ಬೆಲೆಯನ್ನು ಅಂದಾಜು ಮಾಡುವ ಲೆಕ್ಕಕ್ಕೆ, ಬೇಕಾದದ್ದು ಇಷ್ಟೇ: ಮುಂದಿನ ಐದು ಸೆಕೆಂಡಿನಲ್ಲಿ ಬೆಲೆ ಯಾವ ಕಡೆ ಸರಿಯುವ ಸಾಧ್ಯತೆ ಜಾಸ್ತಿ?

ಶಿವಮೊಗ್ಗದಲ್ಲೇ ಕೂತು ಇದನ್ನು ಮಾಡಬಹುದಾ?

ಕಲಿಯಬಹುದು. ವೇಗದ ಓಟದಲ್ಲಿ ಗೆಲ್ಲಲು ಆಗುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ.

ಎನ್‌ಎಸ್‌ಇ ಇರುವುದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಶಿವಮೊಗ್ಗದಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 640 ಕಿ.ಮೀ. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಲೆಕ್ಕ ಹಾಕಿ: ಹೋಗಲು 3.2 ಮಿಲಿಸೆಕೆಂಡ್, ವಾಪಸ್ ಬರಲು ಇನ್ನೊಂದು 3.2. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ನಡುವೆ ರೂಟರ್‌ಗಳು, ಬ್ರೋಕರ್‌ನ ಸರ್ವರ್ ಇರುತ್ತವೆ. ಹಾಗಾಗಿ ನಿಜವಾದ ಸಮಯ ಇದಕ್ಕಿಂತ ಎಷ್ಟೋ ಜಾಸ್ತಿ. 2010ರಿಂದ ಎನ್‌ಎಸ್‌ಇ ಕೋ-ಲೊಕೇಶನ್ ಕೊಡುತ್ತಿದೆ. ವ್ಯಾಪಾರಿ ಸಂಸ್ಥೆಗಳು ತಮ್ಮ ಸರ್ವರ್‌ಗಳನ್ನು ಎಕ್ಸ್‌ಚೇಂಜಿನ ಜಾಗದಲ್ಲೇ ಇಡುತ್ತವೆ. ಅಲ್ಲಿ ಲೆಕ್ಕ ನಡೆಯುವುದು ಮೈಕ್ರೊಸೆಕೆಂಡ್‌ನಲ್ಲಿ. ನಮ್ಮ 6.4 ಮಿಲಿಸೆಕೆಂಡ್ ಅಂದರೆ 6,400 ಮೈಕ್ರೊಸೆಕೆಂಡ್. ಬ್ರಾಡ್‌ಬ್ಯಾಂಡ್ ಎಷ್ಟು ಒಳ್ಳೆಯದು ಹಾಕಿಸಿದರೂ ಈ ದೂರ ಕರಗುವುದಿಲ್ಲ.

ಆದರೆ ಮಾಡೆಲ್ ಕಟ್ಟುವವರು ಆ ಸರ್ವರ್‌ಗಳ ಪಕ್ಕದಲ್ಲಿ ಕೂತಿರುವುದಿಲ್ಲ. ಅವರ ಕೆಲಸ ನಿನ್ನೆ ಮೊನ್ನೆಯ ಡೇಟಾ ಇಟ್ಟುಕೊಂಡು ಯೋಚಿಸುವುದು. ಆ ಕೆಲಸಕ್ಕೆ ವಿನೋಬನಗರವೂ ಒಂದೇ, ಮುಂಬೈಯೂ ಒಂದೇ.

ಗಣಿತ ಎಷ್ಟು ಬೇಕು?

ಸಂಭವನೀಯತೆ ಚೆನ್ನಾಗಿ ಬರಬೇಕು. ಅಂದರೆ ಸೂತ್ರ ಬಾಯಿಪಾಠ ಬಂದರೆ ಸಾಲದು. ನಿರೀಕ್ಷಿತ ಮೌಲ್ಯ, ಷರತ್ತಿನ ಸಂಭವನೀಯತೆ, ವೇರಿಯನ್ಸ್ ಇವುಗಳನ್ನು ಕೈಯಲ್ಲಿ ಆಡಿಸುವಷ್ಟು ರೂಢಿ ಇರಬೇಕು. ಲೀನಿಯರ್ ರಿಗ್ರೆಶನ್ ಒಳಗೆ ಏನು ನಡೆಯುತ್ತದೆ, ಅದು ಯಾವಾಗ ಸುಳ್ಳು ಹೇಳುತ್ತದೆ ಎನ್ನುವುದು ಗೊತ್ತಿರಬೇಕು. ಟೈಮ್ ಸೀರೀಸ್‌ನಲ್ಲಿ ಆಟೊಕೋರಿಲೇಶನ್, ಅಂದರೆ ಹಿಂದಿನ ಅಂಕಿಗೂ ಮುಂದಿನದಕ್ಕೂ ಇರುವ ನಂಟು, ಗೊತ್ತಿರಬೇಕು. ಮ್ಯಾಟ್ರಿಕ್ಸ್ ಬಗ್ಗೆ ಪದವಿಯಲ್ಲಿ ಓದಿದ್ದು ಸಾಕು.

ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್ ಇಲ್ಲದೆ ಆಗುವುದೇ ಇಲ್ಲ ಎಂದು ಎಷ್ಟೋ ಮಂದಿ ಹೆದರಿ ಹಿಂದೆ ಸರಿಯುತ್ತಾರೆ. ಆಪ್ಷನ್ ಬೆಲೆ ಕಟ್ಟಲು ಅದು ಬೇಕು. ಆರ್ಡರ್ ಬುಕ್ (ಯಾವ ಬೆಲೆಗೆ ಎಷ್ಟು ಕೊಳ್ಳುವ, ಮಾರುವ ಆರ್ಡರ್ ಕಾಯುತ್ತಿವೆ ಎನ್ನುವ ಪಟ್ಟಿ) ಮೇಲೆ ಮೊದಲ ಮಾಡೆಲ್‌ಗಳನ್ನು ಕಟ್ಟಲು ಬೇಕಿಲ್ಲ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರದ ಒಳ್ಳೆಯ ಪಾಠಗಳು ಪುಕ್ಕಟೆ ಸಿಗುತ್ತವೆ. ಅಲ್ಲಿಂದ ಶುರು ಮಾಡಿ.

ಪೈಥಾನಾ, ಸಿ ಪ್ಲಸ್ ಪ್ಲಸ್ಸಾ?

ಮೊದಲು ಪೈಥಾನ್. ಡೇಟಾ ನೋಡುವುದು, ಗ್ರಾಫ್ ಹಾಕುವುದು, ಮಾಡೆಲ್ ಪರೀಕ್ಷಿಸುವುದು ಎಲ್ಲ ಅದರಲ್ಲೇ. ಆಮೇಲೆ ಸಿ ಪ್ಲಸ್ ಪ್ಲಸ್ ಕಲಿಯಿರಿ, ಯಾಕೆಂದರೆ ಸಂಸ್ಥೆಗಳಲ್ಲಿ ನಿಜವಾದ ಆರ್ಡರ್ ಹಾಕುವ ಕೋಡ್ ಇರುವುದು ಹೆಚ್ಚಾಗಿ ಅದರಲ್ಲಿ.

ಲ್ಯಾಪ್‌ಟಾಪ್ ಯಾವುದು? ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲ್ಲ?

ಇರುವ ಲ್ಯಾಪ್‌ಟಾಪ್ ಸಾಕು. ಹೊಸದು ತೆಗೆದುಕೊಳ್ಳುವುದಾದರೆ 16 ಜಿಬಿ ಮೆಮೊರಿ ಇರಲಿ. ಡೇಟಾವನ್ನು ಸಿಎಸ್‌ವಿಯಲ್ಲಿ ಇಡಬೇಡಿ, ಪಾರ್ಕೆಟ್ ಫೈಲ್ ಮಾಡಿಟ್ಟುಕೊಳ್ಳಿ. ಜಾಗವೂ ಉಳಿಯುತ್ತದೆ, ಓದುವುದೂ ಬೇಗ. ಕರೆಂಟ್ ಮತ್ತು ನೆಟ್ ಬಗ್ಗೆ ಒಂದೇ ಮಾತು: ಡೇಟಾ ಇಳಿಸಿಟ್ಟುಕೊಂಡ ಮೇಲೆ ಈ ಕಲಿಕೆಗೆ ನೆಟ್ ಬೇಕಾಗುವುದೇ ಕಮ್ಮಿ. ಆಗುಂಬೆ ಕಡೆಯವರಿಗೂ ಇದು ನಡೆಯುತ್ತದೆ.

ಡೇಟಾ ಎಲ್ಲಿ ಸಿಗುತ್ತದೆ? ಬ್ರೋಕರ್ ಎಪಿಐ ಸಾಲದಾ?

ಸಾಲದು. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಬ್ರೋಕರ್ ಎಪಿಐ, ಅಂದರೆ ನಮ್ಮ ಪ್ರೋಗ್ರಾಂ ಬ್ರೋಕರ್‌ನ ಸರ್ವರ್ ಜೊತೆ ಮಾತಾಡುವ ದಾರಿ. ಅದರಿಂದ ಸಾಮಾನ್ಯ ಗ್ರಾಹಕರಿಗೆ ಬರುವುದು ಸ್ನ್ಯಾಪ್‌ಶಾಟ್. ಆ ಗಳಿಗೆಯಲ್ಲಿ ಬುಕ್ ಹೇಗಿತ್ತು ಎನ್ನುವ ಒಂದು ಫೋಟೊ. ಎರಡು ಫೋಟೊಗಳ ನಡುವೆ ಎಷ್ಟೋ ಆರ್ಡರ್ ಬಂದು ಹೋಗಿರುತ್ತವೆ, ಅವು ನಿಮಗೆ ಕಾಣುವುದೇ ಇಲ್ಲ. ಮಾಡೆಲ್‌ಗೆ ಬೇಕಾದದ್ದು ಪ್ರತಿಯೊಂದು ಆರ್ಡರ್, ಪ್ರತಿಯೊಂದು ರದ್ದು, ಪ್ರತಿಯೊಂದು ವ್ಯವಹಾರ. ಇದಕ್ಕೆ ಟಿಕ್-ಬೈ-ಟಿಕ್ ಡೇಟಾ ಎನ್ನುತ್ತಾರೆ. ಎನ್‌ಎಸ್‌ಇ ಹಳೆಯ ಡೇಟಾವನ್ನು ಮಾರುತ್ತದೆ. ಕಲಿಯುವ ಹಂತದಲ್ಲಿ ಅದಕ್ಕೆ ದುಡ್ಡು ಹಾಕಬೇಡಿ.

ಪುಕ್ಕಟೆ ಸಿಗುವುದರಲ್ಲಿ ನನಗೆ ಇಷ್ಟವಾದದ್ದು ಆರ್ಡರ್ ಬುಕ್ ಡೇಟಾ ಒದಗಿಸುವ ಲಾಬ್‌ಸ್ಟರ್ ಎನ್ನುವ ತಾಣ ಕೊಡುವ ಮಾದರಿ ಫೈಲ್‌ಗಳು. ಅಮೆರಿಕದ ನಾಸ್ಡಾಕ್ ಎಕ್ಸ್‌ಚೇಂಜಿನಲ್ಲಿ 2012ರ ಜೂನ್ 21ರಂದು ಆ್ಯಪಲ್, ಅಮೆಜಾನ್, ಗೂಗಲ್, ಇಂಟೆಲ್, ಮೈಕ್ರೊಸಾಫ್ಟ್ ಷೇರುಗಳ ಬುಕ್‌ನ ಮುಂಚೂಣಿಯ ಬೆಲೆಗಳಲ್ಲಿ ನಡೆದ ಪ್ರತಿ ಘಟನೆಯೂ ಅದರಲ್ಲಿದೆ. ಫೈಲ್ ತೆರೆದರೆ ಮೊದಲ ಕಾಲಂನಲ್ಲಿ 34200 ಚಿಲ್ಲರೆ ಎಂದು ಕಾಣುತ್ತದೆ. ಗಾಬರಿ ಬೇಡ, ಅದು ಮಧ್ಯರಾತ್ರಿಯಿಂದ ಕಳೆದ ಸೆಕೆಂಡು. 34,200 ಅಂದರೆ ಬೆಳಿಗ್ಗೆ ಒಂಬತ್ತೂವರೆ, ಅಲ್ಲಿನ ಮಾರುಕಟ್ಟೆ ತೆರೆಯುವ ಹೊತ್ತು. ಎರಡನೇ ಕಾಲಂನಲ್ಲಿ 1 ಇದ್ದರೆ ಹೊಸ ಆರ್ಡರ್, 3 ಇದ್ದರೆ ಪೂರ್ತಿ ರದ್ದು, 4 ಇದ್ದರೆ ವ್ಯವಹಾರ ಆಯಿತು. ಬೆಲೆಯನ್ನು ಡಾಲರ್‌ನ ಹತ್ತು ಸಾವಿರ ಪಟ್ಟು ಮಾಡಿ ಬರೆದಿರುತ್ತಾರೆ. ಮೊದಲ ದಿನ ಕೋಡ್ ಬರೆಯಲು ಹೋಗಬೇಡಿ. ಒಂದು ನೂರು ಸಾಲನ್ನು ಸುಮ್ನೆ ಕಣ್ಣಲ್ಲಿ ಓದಿ, ಪೇಪರಿನ ಮೇಲೆ ಬುಕ್ ಬರೆದು ಕೈಯಾರೆ ತಿದ್ದುತ್ತಾ ಹೋಗಿ. ಬಂದ ಆರ್ಡರ್‌ಗಳಲ್ಲಿ ಎಷ್ಟೊಂದು ರದ್ದಾಗಿ ಹೋಗುತ್ತವೆ ಎನ್ನುವುದು ಆಗ ಅರ್ಥವಾಗುತ್ತದೆ. ಆ ತಿಳಿವಳಿಕೆ ಯಾವ ವಿಡಿಯೊ ನೋಡಿದರೂ ಬರುವುದಿಲ್ಲ.

ಬೈನಾನ್ಸ್‌ನಂಥ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳೂ ವ್ಯವಹಾರದ ಡೇಟಾವನ್ನು ಪುಕ್ಕಟೆ ಇಡುತ್ತವೆ. ಅಭ್ಯಾಸಕ್ಕೆ ಬಳಸಿ. ಕ್ರಿಪ್ಟೊ ಕೊಳ್ಳಲು ಹೇಳುತ್ತಿಲ್ಲ.

ಮೊದಲ ಮಾಡೆಲ್ ಯಾವುದು ಕಟ್ಟಲಿ?

ಆರ್ಡರ್ ಬುಕ್ ಅಸಮತೋಲನ. ಅದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಒಂದು ಉದಾಹರಣೆ ಹಿಡಿದು ನೋಡೋಣ.

ಒಂದು ಷೇರು. ಕೊಳ್ಳುವವರಲ್ಲಿ ಅತಿ ಹೆಚ್ಚು ಬೆಲೆ 500.00 ರೂಪಾಯಿ, ಅಲ್ಲಿ 3,000 ಷೇರಿನ ಆರ್ಡರ್ ನಿಂತಿದೆ. ಮಾರುವವರಲ್ಲಿ ಅತಿ ಕಮ್ಮಿ ಬೆಲೆ 500.05, ಅಲ್ಲಿ 600 ಷೇರು. ನಡುವಿನ ಬೆಲೆ 500.025. ಆದರೆ ಸುಮ್ನೆ ನೋಡಿದರೂ ಗೊತ್ತಾಗುತ್ತದೆ, ಕೊಳ್ಳುವ ಒತ್ತಡ ಜಾಸ್ತಿ ಇದೆ. ಇದನ್ನು ಅಂಕಿಯಲ್ಲಿ ಹಿಡಿಯುವುದು ಹೀಗೆ: 3,000ದಿಂದ 600 ಕಳೆಯಿರಿ, ಬಂದದ್ದನ್ನು ಎರಡರ ಮೊತ್ತ 3,600ರಿಂದ ಭಾಗಿಸಿ. ಸುಮಾರು 0.67. ಇದು ಮೈನಸ್ 1ರಿಂದ ಪ್ಲಸ್ 1ರ ಒಳಗೆ ಇರುವ ಅಂಕಿ. ಪ್ಲಸ್ ಆದರೆ ಬೆಲೆ ಮೇಲೆ ಹೋಗುವ ಸಾಧ್ಯತೆ ಜಾಸ್ತಿ.

ಇದರಿಂದಲೇ ಮೈಕ್ರೊಪ್ರೈಸ್ ಎನ್ನುವುದನ್ನೂ ಲೆಕ್ಕ ಹಾಕಬಹುದು. 500.00ಕ್ಕೆ 5 ಪೈಸೆಯ ಒಂದು ಪಾಲನ್ನು ಕೂಡಿಸಬೇಕು. ಆ ಪಾಲು ಎಷ್ಟು? 3,600ರಲ್ಲಿ 3,000. ಅಂದರೆ ಸುಮಾರು 4.17 ಪೈಸೆ. ಹಾಗಾಗಿ ಮೈಕ್ರೊಪ್ರೈಸ್ ಸುಮಾರು 500.042. ನಡುವಿನ ಬೆಲೆಗಿಂತ 1.67 ಪೈಸೆ ಮೇಲೆ.

ಈಗ ಡೇಟಾ ಮೇಲೆ ಪರೀಕ್ಷಿಸಿ. ಅಸಮತೋಲನವನ್ನು ಹತ್ತು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ನಡುವಿನ ಬೆಲೆ ಮುಂದಿನ ಸಲ ಮೇಲಕ್ಕೆ ಸರಿಯಿತಾ ಕೆಳಕ್ಕೆ ಸರಿಯಿತಾ ಎಂದು ಎಣಿಸಿ ಗ್ರಾಫ್ ಹಾಕಿ. ಇಂಟೆಲ್, ಮೈಕ್ರೊಸಾಫ್ಟ್‌ನಂಥ ಷೇರುಗಳಲ್ಲಿ, ಅಂದರೆ ಎರಡೂ ಕಡೆ ದೊಡ್ಡ ಸರದಿ ನಿಲ್ಲುವ ಕಡೆ, ಎಡದಿಂದ ಬಲಕ್ಕೆ ಏರುವ ಗೆರೆ ಸಿಗುತ್ತದೆ. ಅದನ್ನು ಮೊದಲ ಸಲ ನೋಡಿದ ಯಾರಿಗಾದರೂ ಖುಷಿಯಾಗುತ್ತದೆ. ಮಾರುಕಟ್ಟೆಯನ್ನು ಮುಂಚೆಯೇ ಹೇಳಲು ಆಗುವುದಿಲ್ಲ ಎಂದು ಓದಿರುತ್ತೀರಿ, ಇಲ್ಲಿ ನೋಡಿದರೆ ಕಣ್ಣೆದುರೇ ಆಗುತ್ತಿದೆ.

ಹಾಗಾದರೆ ಇದರಿಂದ ದುಡ್ಡು ಮಾಡಬಹುದಲ್ವಾ?

ಇಲ್ಲ. ಯಾಕೆ ಇಲ್ಲ ಎನ್ನುವುದನ್ನು ಸ್ವತಃ ಲೆಕ್ಕ ಹಾಕಿ ನೋಡಿದವರು ಈ ವಿಷಯದ ಅರ್ಧ ಕಲಿತ ಹಾಗೆ.

ಅದೇ 500 ರೂಪಾಯಿ ಷೇರನ್ನು ಅದೇ ದಿನ ಕೊಂಡು ಮಾರಿದಿರಿ ಎನ್ನಿ. ಮಾರುವಾಗ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, 0.025 ಶೇಕಡಾ. 500ಕ್ಕೆ 12.5 ಪೈಸೆ. ಕೊಳ್ಳುವಾಗ ಸ್ಟ್ಯಾಂಪ್ ಶುಲ್ಕ 0.003 ಶೇಕಡಾ, ಅದು 1.5 ಪೈಸೆ. ಇಲ್ಲಿಗೇ 14 ಪೈಸೆ. ಎಕ್ಸ್‌ಚೇಂಜ್ ಶುಲ್ಕ, ಬ್ರೋಕರೇಜ್, ಜಿಎಸ್‌ಟಿ ಇನ್ನೂ ಬಂದಿಲ್ಲ. ನಿಮ್ಮ ಮಾಡೆಲ್ ಕಂಡುಹಿಡಿದದ್ದು 1.67 ಪೈಸೆಯ ವ್ಯತ್ಯಾಸ. ಬೆಲೆ ಒಂದು ಮೆಟ್ಟಿಲು ಸರಿದರೂ ಸಿಗುವುದು 5 ಪೈಸೆ.

ಸೂಚನೆ ನಿಜವಾಗಿಯೂ ಇದೆ. ಆದರೆ ಅದು ತೆರಿಗೆಗಿಂತ ಚಿಕ್ಕದು.

ನಮ್ಮ ದೇಶದಲ್ಲಿ ಹೈ-ಫ್ರೀಕ್ವೆನ್ಸಿ ಸಂಸ್ಥೆಗಳು ಆಪ್ಷನ್ಸ್ ಕಡೆಗೇ ಜಾಸ್ತಿ ವಾಲಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಎಸ್‌ಟಿಟಿ ಬೀಳುವುದು ಪ್ರೀಮಿಯಂ (ಆಪ್ಷನ್‌ಗೆ ಕೊಡುವ ಬೆಲೆ) ಮೇಲೆ, ಇಡೀ ಕಾಂಟ್ರಾಕ್ಟ್ ಮೌಲ್ಯದ ಮೇಲಲ್ಲ. ಫ್ಯೂಚರ್ಸ್, ಆಪ್ಷನ್ಸ್ ಎರಡರ ಎಸ್‌ಟಿಟಿಯನ್ನೂ 2024ರ ಅಕ್ಟೋಬರ್ 1ರಿಂದ ಏರಿಸಿದ್ದಾರೆ. ಬಜೆಟ್ ಬಂದಾಗಲೆಲ್ಲ ದರಗಳನ್ನು ಮತ್ತೆ ನೋಡಿಕೊಂಡು ನಿಮ್ಮ ಕೋಡಿನಲ್ಲಿ ತಿದ್ದಬೇಕು.

ಮತ್ತೆ ಈ ಮಾಡೆಲ್ ಯಾವ ಉಪಯೋಗಕ್ಕೆ?

ಹೇಗೂ ಕೊಳ್ಳಲೇಬೇಕಾದವರ ಉಪಯೋಗಕ್ಕೆ. ಒಂದು ಮ್ಯೂಚುವಲ್ ಫಂಡ್ ಇವತ್ತು ಒಂದು ಲಕ್ಷ ಷೇರು ಕೊಳ್ಳಬೇಕಿದೆ ಎಂದಿಟ್ಟುಕೊಳ್ಳಿ. ತೆರಿಗೆ ಅವರು ಕೊಡಲೇಬೇಕು, ಅದರಲ್ಲಿ ತಪ್ಪಿಸಿಕೊಳ್ಳುವುದು ಏನೂ ಇಲ್ಲ. ಆದರೆ ಈಗಲೇ 500.05 ಕೊಟ್ಟು ಕೊಳ್ಳಬೇಕಾ, ಸ್ವಲ್ಪ ಕಾದು 500.00ಕ್ಕೆ ಸರದಿಯಲ್ಲಿ ನಿಲ್ಲಬೇಕಾ? ಅಸಮತೋಲನ ಪ್ಲಸ್ 0.67 ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ, ಬೆಲೆ ಕೈತಪ್ಪಿ ಹೋಗುತ್ತದೆ. ಮೈನಸ್ ಇದ್ದರೆ ಕಾಯಬಹುದು. ಒಂದು ಷೇರಿಗೆ ಎರಡು ಪೈಸೆ ಉಳಿದರೂ ಲಕ್ಷ ಷೇರಿಗೆ ಎರಡು ಸಾವಿರ ರೂಪಾಯಿ.

ಕಲಿಯುವವರು ಈ ದಾರಿಯಲ್ಲೇ ಪ್ರಾಜೆಕ್ಟ್ ಮಾಡಬೇಕು ಎಂದು ನಾನು ಒತ್ತಾಯ ಮಾಡಿ ಹೇಳುತ್ತೇನೆ. ವೇಗದ ಪೈಪೋಟಿ ಇಲ್ಲಿ ಅಷ್ಟಿಲ್ಲ. ನೀವು ಅಳೆದದ್ದನ್ನು ಬೇರೆಯವರು ಪರೀಕ್ಷಿಸಿ ನೋಡಬಹುದು. ಕೆಲಸ ಕೊಡುವವರ ಮುಂದೆ ಇಟ್ಟರೆ ನಿಮಗೆ ಖರ್ಚು ಅಂದರೆ ಏನೆಂದು ಗೊತ್ತಿದೆ ಎನ್ನುವುದು ಅವರಿಗೆ ಕಾಣುತ್ತದೆ.

ನನ್ನ ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ಡೇಟಾ ಮೇಲೆ ಮಾಡೆಲ್ ಓಡಿಸಿ ನೋಡುವುದರಲ್ಲಿ) ಸಿಕ್ಕಾಪಟ್ಟೆ ಲಾಭ ಬರುತ್ತಿದೆ. ಎಲ್ಲಿ ತಪ್ಪಿರಬಹುದು?

ಇದನ್ನು ಕೇಳುವವರು ಅರ್ಧ ಗೆದ್ದಿದ್ದಾರೆ. ಕೇಳದೆ ದುಡ್ಡು ಹಾಕುವವರ ಬಗ್ಗೆ ನನಗೆ ಚಿಂತೆ.

ಮೊದಲು ಸಮಯ ನೋಡಿ. ತೀರ್ಥಹಳ್ಳಿಯ ಒಬ್ಬ ವಿದ್ಯಾರ್ಥಿನಿ ವ್ಯವಹಾರಗಳ ಫೈಲನ್ನೂ ಬೆಲೆಗಳ ಫೈಲನ್ನೂ ಜೋಡಿಸಿ ಮಾಡೆಲ್ ಕಟ್ಟಿದ್ದಳು. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಇಬ್ಬರೂ ಕೂತು ಸಾಲು ಸಾಲಾಗಿ ನೋಡಿದೆವು. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಸಮಯದ ಮೇಲೆ ಜೋಡಿಸುವ ಮರ್ಜ್-ಆಸ್-ಆಫ್, ನೀವು ಬೇಡ ಎನ್ನದಿದ್ದರೆ, ಒಂದೇ ಸಮಯದ ಮುದ್ರೆ ಇರುವ ಸಾಲುಗಳನ್ನೂ ಜೋಡಿಸುತ್ತದೆ. ಅವಳ ಡೇಟಾದ ಸಮಯ ಮಿಲಿಸೆಕೆಂಡ್‌ವರೆಗೆ ಮಾತ್ರ ಇತ್ತು. ಒಂದು ದೊಡ್ಡ ವ್ಯವಹಾರ ಆಗಿ, ಅದರಿಂದ ಬೆಲೆ ಸರಿದು, ಆ ಹೊಸ ಬೆಲೆಯೂ ಅದೇ ಮಿಲಿಸೆಕೆಂಡ್‌ನಲ್ಲಿ ದಾಖಲಾಗಿತ್ತು. ಮಾಡೆಲ್‌ಗೆ ವ್ಯವಹಾರಕ್ಕೆ ಮುಂಚಿನ ಬೆಲೆ ಎಂದು ಹೋಗುತ್ತಿದ್ದದ್ದು ಆಮೇಲಿನ ಬೆಲೆ! ಪ್ರಶ್ನೆಪತ್ರಿಕೆಯಲ್ಲೇ ಉತ್ತರ ಅಚ್ಚಾಗಿತ್ತು. ಒಂದು ಸಾಲು ತಿದ್ದಿದ ಮೇಲೆ ಲಾಭ ಪೂರ್ತಿ ಮಾಯ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಬೇರೆ ಎಲ್ಲೆಲ್ಲಿ ಹೀಗಾಗಿರಬಹುದು ಎಂದು ಹುಡುಕಲು ಹೊರಟಳು. ಈ ಗುಣ ಇರುವವರಿಗೆ ಈ ಕೆಲಸ ಒಗ್ಗುತ್ತದೆ.

ಎರಡನೆಯದು ಇನ್ನೂ ಆಳದ್ದು. ನಿಮ್ಮ ಆರ್ಡರ್ ಭರ್ತಿಯಾಯಿತು ಎಂದು ಬ್ಯಾಕ್‌ಟೆಸ್ಟ್ ಯಾವಾಗ ಒಪ್ಪುತ್ತದೆ? ಬೆಲೆ ಮುಟ್ಟಿದರೆ ಸಾಕು, ಸಿಕ್ಕಿತು ಎಂದು ಬರೆಯುವವರೇ ಹೆಚ್ಚು. ನಿಜದಲ್ಲಿ ಎಕ್ಸ್‌ಚೇಂಜ್ ಮೊದಲು ಬೆಲೆ ನೋಡುತ್ತದೆ, ಬೆಲೆ ಒಂದೇ ಆದರೆ ಯಾರು ಮೊದಲು ಬಂದರು ಎಂದು ನೋಡುತ್ತದೆ. ಮೇಲಿನ ಉದಾಹರಣೆಯಲ್ಲಿ 500.00ಕ್ಕೆ ನೀವು 100 ಷೇರಿಗೆ ಆರ್ಡರ್ ಹಾಕಿದರೆ ನಿಮ್ಮ ಮುಂದೆ 3,000 ಷೇರು ನಿಂತಿರುತ್ತದೆ. ಅವು ಭರ್ತಿಯಾಗಬೇಕು ಇಲ್ಲವೇ ರದ್ದಾಗಬೇಕು, ಆಮೇಲೆ ನಿಮ್ಮ ಸರದಿ. ಅಷ್ಟೂ ಷೇರು ಯಾವಾಗ ಖಾಲಿಯಾಗುತ್ತದೆ? ಯಾರೋ ದೊಡ್ಡವರು ಮಾರಲು ಬಂದಾಗ. ಆಗ ಮುಂದಿನ ಬೆಲೆ 499.95. ಅಂದರೆ ಬೆಲೆ ಬೀಳುವಾಗ ನಿಮಗೆ ತಪ್ಪದೆ ಸಿಗುತ್ತದೆ, ಏರುವಾಗ ಸಿಗುವುದೇ ಇಲ್ಲ. ಬ್ಯಾಕ್‌ಟೆಸ್ಟ್ ಮಾತ್ರ ಎರಡೂ ಸಲ ಸಿಕ್ಕಿತು ಎಂದು ಲಾಭ ಬರೆದುಕೊಳ್ಳುತ್ತದೆ. ಇದಕ್ಕೆ ಅಡ್ವರ್ಸ್ ಸೆಲೆಕ್ಷನ್ ಎನ್ನುತ್ತಾರೆ. ಸರದಿಯಲ್ಲಿ ನಿಮ್ಮ ಜಾಗವನ್ನು ಲೆಕ್ಕ ಇಡದ ಯಾವ ಬ್ಯಾಕ್‌ಟೆಸ್ಟನ್ನೂ ನಂಬಬೇಡಿ.

ಮೂರನೆಯದು, ಎಷ್ಟು ಐಡಿಯಾ ಪ್ರಯತ್ನಿಸಿದಿರಿ? ಏನೂ ಹುರುಳಿಲ್ಲದ 20 ಐಡಿಯಾಗಳನ್ನು ಶೇ. 5ರ ಮಟ್ಟದಲ್ಲಿ (ಹುರುಳಿಲ್ಲದ್ದೂ ನೂರಕ್ಕೆ 5 ಸಲ ಪಾಸಾಗುವ ಮಟ್ಟ) ಪರೀಕ್ಷಿಸಿದರೆ ಒಂದಾದರೂ ಚೆನ್ನಾಗಿ ಕಾಣುವ ಸಾಧ್ಯತೆ ಸುಮಾರು ಶೇ. 64. ಪ್ರಯತ್ನಿಸಿದ್ದೆಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಸೋತದ್ದನ್ನೂ. ಕೊನೆಯ ಒಂದಷ್ಟು ದಿನಗಳ ಡೇಟಾ ಮುಟ್ಟದೆ ಎತ್ತಿಡಿ.

ನಮ್ಮದು ಅಡಿಕೆ ಮನೆತನ. ಮಂಡಿ ವ್ಯಾಪಾರ ಗೊತ್ತು. ಅದರಿಂದ ಏನಾದರೂ ಅನುಕೂಲ ಇದೆಯಾ?

ಇದೆ, ಮತ್ತು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಶಿವಮೊಗ್ಗ ಎಪಿಎಂಸಿಯಲ್ಲಿ ಅಡಿಕೆ ಲಾಟ್‌ಗೆ ವರ್ತಕರು ಟೆಂಡರ್ ಹಾಕುವುದನ್ನು ನೋಡಿರುತ್ತೀರಿ. ಒಬ್ಬರು ಹಾಕಿದ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲ್ಲರಿಗಿಂತ ಜಾಸ್ತಿ ಹಾಕಿ ಲಾಟ್ ಹಿಡಿದ ವರ್ತಕನಿಗೆ ಒಳಗೊಳಗೇ ಒಂದು ಅಳುಕು ಇರುತ್ತದೆ: ಇಷ್ಟು ಜನ ಕಮ್ಮಿ ಹಾಕಿದ್ದಾರಲ್ಲ, ಅವರಿಗೆ ಕಂಡದ್ದು ನನಗೆ ಕಾಣಲಿಲ್ಲವಾ? ಮೇಲೆ ಹೇಳಿದ ಅಡ್ವರ್ಸ್ ಸೆಲೆಕ್ಷನ್ ಇದೇ ಅಳುಕು. ಷೇರಿನ ಆರ್ಡರ್ ಬುಕ್‌ನಲ್ಲಿ ದರ ಎಲ್ಲರಿಗೂ ಕಾಣುತ್ತದೆ, ಟೆಂಡರ್‌ನಲ್ಲಿ ಕಾಣುವುದಿಲ್ಲ. ಆದರೆ ಎದುರಿನವರಿಗೆ ನನಗಿಂತ ಜಾಸ್ತಿ ಗೊತ್ತಿದ್ದರೆ ಎನ್ನುವ ಪ್ರಶ್ನೆ ಎರಡು ಕಡೆಯೂ ಒಂದೇ.

ಒಂದು ಅಭ್ಯಾಸವನ್ನೂ ಹೇಳುತ್ತೇನೆ. ರಾಜ್ಯ ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆಗಳ ದಿನದ ದರ ಸಿಗುತ್ತದೆ. ರಾಶಿ ಅಡಿಕೆಯ ದರವನ್ನು ಶಿವಮೊಗ್ಗ, ಸಾಗರ, ಶಿರಸಿ ಮೂರೂ ಕಡೆಯದ್ದು ತೆಗೆದುಕೊಳ್ಳಿ. ಯಾವ ಮಾರುಕಟ್ಟೆಯಲ್ಲಿ ದರ ಮೊದಲು ಸರಿಯುತ್ತದೆ, ಯಾವುದು ಅದರ ಹಿಂದೆ ಹೋಗುತ್ತದೆ ಎಂದು ನೋಡಿ. ನಿಫ್ಟಿ (ಎನ್‌ಎಸ್‌ಇಯ 50 ದೊಡ್ಡ ಷೇರುಗಳ ಸೂಚ್ಯಂಕ) ಫ್ಯೂಚರ್ಸ್ ಮೊದಲು ಸರಿಯುತ್ತದಾ, ಅದರೊಳಗಿನ ಷೇರುಗಳು ಮೊದಲು ಸರಿಯುತ್ತವಾ ಎನ್ನುವುದೂ ಇದೇ ಪ್ರಶ್ನೆ. ಒಂದು ಎಚ್ಚರ: ಮಾರುಕಟ್ಟೆ ನಡೆಯದ ದಿನ ಹಿಂದಿನ ದರವನ್ನೇ ತುಂಬಿಸಿದರೆ, ಆ ಊರು ಹಿಂದೆ ಬೀಳುತ್ತಿದೆ ಎಂದು ಲೆಕ್ಕ ಸುಳ್ಳು ಹೇಳುತ್ತದೆ. ಕಮ್ಮಿ ವಹಿವಾಟಿನ ಷೇರುಗಳಲ್ಲೂ ಇದೇ ಮೋಸ ನಡೆಯುತ್ತದೆ. ಅಡಿಕೆ ದರದಲ್ಲಿ ಇದನ್ನು ಹಿಡಿದವರು ಮಿಲಿಸೆಕೆಂಡ್ ಡೇಟಾದಲ್ಲೂ ಹಿಡಿಯುತ್ತಾರೆ.

ಡೀಪ್ ಲರ್ನಿಂಗ್ ಬಳಸಿದರೆ ಜಾಸ್ತಿ ಚೆನ್ನಾಗಿ ಬರುವುದಿಲ್ವಾ?

ಬರಬಹುದು, ಆದರೆ ಕೊನೆಗೆ. ಮೊದಲು ಲೀನಿಯರ್ ಮಾಡೆಲ್ ಕಟ್ಟಿ ಅದು ಎಷ್ಟು ಕೊಡುತ್ತದೆ ನೋಡಿ. ಆಮೇಲೆ ನ್ಯೂರಲ್ ನೆಟ್‌ವರ್ಕ್ ಎಷ್ಟು ಜಾಸ್ತಿ ಕೊಟ್ಟಿತು ಎಂದು ಹೋಲಿಸಿ. ಈ ಬಗೆಯ ಸಂಶೋಧನೆಯಲ್ಲಿ ತುಂಬಾ ಬಳಸುವ ಎಫ್‌ಐ-2010 ಎನ್ನುವ ಡೇಟಾದಲ್ಲಿ ಇರುವುದು ಫಿನ್ಲೆಂಡಿನ 5 ಷೇರುಗಳ 10 ದಿನದ ವಹಿವಾಟು ಮಾತ್ರ. ಅದರ ಮೇಲೆ ಒಳ್ಳೆಯ ಅಂಕ ಬಂತು ಎಂದರೆ ಇವತ್ತಿನ ಬ್ಯಾಂಕ್ ನಿಫ್ಟಿಯಲ್ಲಿ (ನಮ್ಮ ಬ್ಯಾಂಕ್ ಷೇರುಗಳ ಸೂಚ್ಯಂಕ) ನಡೆಯುತ್ತದೆ ಎಂದರ್ಥವಲ್ಲ. ಇನ್ನೊಂದು, ದೊಡ್ಡ ಮಾಡೆಲ್ ಉತ್ತರ ಕೊಡುವಷ್ಟರಲ್ಲಿ ಬೆಲೆ ಸರಿದುಬಿಟ್ಟಿರುತ್ತದೆ.

ಮಾರ್ಕೆಟ್ ಮೇಕಿಂಗ್ ಮಾಡೆಲ್ ಹೇಗಿರುತ್ತದೆ?

ಅವೆಲ್ಲನೇಡಾ ಮತ್ತು ಸ್ಟೊಯ್ಕೊವ್ 2008ರಲ್ಲಿ ಪ್ರಕಟಿಸಿದ ಮಾಡೆಲ್‌ನಿಂದ ಶುರು ಮಾಡಿ. ಅದರ ತಿರುಳು ಸರಳ. ನಿಮ್ಮ ಕೈಯಲ್ಲಿ ಷೇರು ಜಾಸ್ತಿ ಸೇರಿಕೊಂಡರೆ ನಿಮ್ಮ ಎರಡೂ ಬೆಲೆಯನ್ನು ಸ್ವಲ್ಪ ಕೆಳಗಿಳಿಸಿ. ಆಗ ಮಾರಾಟ ಬೇಗ ಆಗುತ್ತದೆ, ಹೊಸ ಖರೀದಿ ನಿಧಾನವಾಗುತ್ತದೆ. ಎಷ್ಟು ಇಳಿಸಬೇಕು? ಕೈಯಲ್ಲಿರುವ ಷೇರು ಎಷ್ಟು, ಬೆಲೆ ಎಷ್ಟು ಓಲಾಡುತ್ತಿದೆ, ಮುಗಿಸಲು ಎಷ್ಟು ಹೊತ್ತು ಉಳಿದಿದೆ, ನಿಮಗೆ ಅಪಾಯದ ಭಯ ಎಷ್ಟು, ಇವುಗಳನ್ನು ಗುಣಿಸಿದಷ್ಟು. ಓಲಾಟದ ವರ್ಗ (ಸ್ಕ್ವೇರ್) ತೆಗೆದುಕೊಳ್ಳಬೇಕು ಎನ್ನುವುದು ಮಾತ್ರ ನೆನಪಿರಲಿ. ನೂರೈವತ್ತು ಸಾಲಿನ ಪೈಥಾನ್‌ನಲ್ಲಿ ಸಿಮ್ಯುಲೇಶನ್ ಬರೆಯಬಹುದು. ಎದುರಿಗೆ ಜಾಸ್ತಿ ಗೊತ್ತಿರುವವರೂ ಇದ್ದಾರೆ ಎನ್ನುವುದನ್ನು ಈ ಮಾಡೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಸೇರಿಸುವುದು ನಿಮ್ಮ ಎರಡನೇ ಪ್ರಾಜೆಕ್ಟ್ ಆಗಲಿ.

ನನ್ನ ಸ್ವಂತ ಖಾತೆಯಲ್ಲಿ ಆಲ್ಗೊ (ತಾನಾಗಿಯೇ ಆರ್ಡರ್ ಹಾಕುವ ಪ್ರೋಗ್ರಾಂ) ಓಡಿಸಲು ಕಾನೂನು ಬಿಡುತ್ತದಾ?

ನಿಯಮದ ಒಳಗೆ ಬಿಡುತ್ತದೆ. ಸಾಮಾನ್ಯ ಹೂಡಿಕೆದಾರರ ಆಲ್ಗೊ ಬಗ್ಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರ ಫೆಬ್ರುವರಿ 4ರಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಎಪಿಐ ಬ್ರೋಕರ್ ಮೂಲಕವೇ ಬರಬೇಕು, ಬದಲಾಗದ ಐಪಿ ವಿಳಾಸಕ್ಕೆ ಕಟ್ಟಿಕೊಂಡಿರಬೇಕು. ಸೆಕೆಂಡಿಗೆ ಇಷ್ಟು ಆರ್ಡರ್ ಎನ್ನುವ ಮಿತಿ ಇದೆ. ಎಕ್ಸ್‌ಚೇಂಜ್‌ಗಳು ಅದನ್ನು 10 ಎಂದು ಇಟ್ಟವು. ಅದನ್ನು ದಾಟುವ ಆಲ್ಗೊವನ್ನು ಬ್ರೋಕರ್ ಮೂಲಕ ಎಕ್ಸ್‌ಚೇಂಜಿನಲ್ಲಿ ನೋಂದಾಯಿಸಬೇಕು. ನೀವೇ ಬರೆದು ನೋಂದಾಯಿಸಿದ ಆಲ್ಗೊವನ್ನು ನಿಮಗೆ, ಗಂಡ ಅಥವಾ ಹೆಂಡತಿಗೆ, ನಿಮ್ಮನ್ನು ಅವಲಂಬಿಸಿದ ಮಕ್ಕಳಿಗೆ ಮತ್ತು ಅಪ್ಪ ಅಮ್ಮನಿಗೆ ಬಳಸಬಹುದು. ರೂಂಮೇಟ್‌ನ ಖಾತೆಗೆ ಓಡಿಸುವ ಹಾಗಿಲ್ಲ. ಒಳಗೇನಿದೆ ಎಂದು ತೋರಿಸದೆ ಆಲ್ಗೊ ಮಾರುವವರು ಸೆಬಿಯಲ್ಲಿ ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿರಬೇಕು. ವಾಟ್ಸಾಪ್‌ನಲ್ಲಿ ಯಾರಾದರೂ ಮಾರಲು ಬಂದರೆ ಮೊದಲು ಆ ನೋಂದಣಿ ಸಂಖ್ಯೆ ಕೇಳಿ.

ಪ್ರೋಗ್ರಾಂ ಕೈಮೀರಿ ಹೋದರೆ?

ಹೋಗುತ್ತದೆ, ಹೋಗಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಹೊಸ ಕೋಡ್ ಹಾಕುವಾಗ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಆ ಒಂದರಲ್ಲಿ ಹಳೆಯ ಕೋಡ್ ಎದ್ದು ಕೂತು ಆರ್ಡರ್ ಸುರಿಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಅದೇ ವರ್ಷ ಅಕ್ಟೋಬರ್ 5ರಂದು ನಮ್ಮ ಎನ್‌ಎಸ್‌ಇಯಲ್ಲಿ ಒಂದು ಬ್ರೋಕರ್ ಕಚೇರಿಯಿಂದ ತಪ್ಪಾಗಿ ಬಂದ ಆರ್ಡರ್‌ಗಳಿಂದ ನಿಫ್ಟಿ ಕ್ಷಣಗಳಲ್ಲಿ ಶೇ. 15ಕ್ಕೂ ಜಾಸ್ತಿ ಕುಸಿದು ವಹಿವಾಟು ನಿಂತಿತು. ಅಲ್ಲಿ ತಪ್ಪು ಮನುಷ್ಯರದ್ದು, ಆದರೂ ಪಾಠ ಒಂದೇ.

ಹಾಗಾಗಿ ಆಟದ ಪ್ರಾಜೆಕ್ಟ್ ಆದರೂ ಮೂರು ತಡೆ ಹಾಕಿ: ಕೈಯಲ್ಲಿ ಇಟ್ಟುಕೊಳ್ಳಬಹುದಾದ ಷೇರಿಗೆ ಮಿತಿ, ದಿನದ ನಷ್ಟಕ್ಕೆ ಮಿತಿ, ಎಲ್ಲವನ್ನೂ ಒಂದೇ ಏಟಿಗೆ ರದ್ದು ಮಾಡುವ ಸ್ವಿಚ್. ಈ ಕೋಡನ್ನು ಮಾಡೆಲ್‌ಗಿಂತ ಮೊದಲು ಬರೆಯಿರಿ.

ಇದು ಜೂಜಲ್ವಾ? ಮಗ ದುಡ್ಡು ಕಳೆದುಕೊಂಡರೆ? (ಸಾಗರದ ಒಬ್ಬ ತಾಯಿ ಕೇಳಿದ್ದು)

ಅಮ್ಮಾ, ನಿಮ್ಮ ಭಯಕ್ಕೆ ಆಧಾರ ಇದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಷೇರು ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ: 2023-24ರಲ್ಲಿ ಸ್ವಂತ ದುಡ್ಡಿನಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳ ಲಾಭದಲ್ಲಿ ಶೇ. 96, ವಿದೇಶಿ ಹೂಡಿಕೆದಾರರ ಲಾಭದಲ್ಲಿ ಶೇ. 97 ಬಂದದ್ದು ಆಲ್ಗೊಗಳಿಂದ. ನಿಮ್ಮ ಮಗ ಮೊಬೈಲ್ ಹಿಡಿದು ಆಪ್ಷನ್ ಕೊಂಡಾಗ ಎದುರಿಗೆ ಇಂಥ ಯಂತ್ರಗಳು ಇರುತ್ತವೆ.

ಮಾಡೆಲ್ ಕಟ್ಟಲು ಕಲಿಯುವುದು ಬೇರೆ ಮಾತು. ಅದು ಸಂಖ್ಯಾಶಾಸ್ತ್ರದ ಓದು. ಅದಕ್ಕೆ ಟ್ರೇಡಿಂಗ್ ಖಾತೆಯೇ ಬೇಕಿಲ್ಲ. ಕಲಿಯುವಷ್ಟು ಕಾಲ ಒಂದು ರೂಪಾಯಿಯನ್ನೂ ಮಾರುಕಟ್ಟೆಗೆ ಹಾಕಬೇಡ ಎಂದು ಮನೆಯಲ್ಲಿ ಷರತ್ತು ಇಟ್ಟರೆ ನಾನು ನಿಮ್ಮ ಪರ.

ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ?

ತಿಂಗಳಿಗೆ ಇಷ್ಟು ಗ್ಯಾರಂಟಿ ಎನ್ನುವವರ ಹತ್ತಿರ ಹೋಗಲೇಬೇಡಿ. ತೋಟದ ಮೇಲೆ ಸಾಲ ತೆಗೆದು ಫೀಸ್ ಕಟ್ಟಿದವರನ್ನು ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ. ಮಾರುಕಟ್ಟೆಯ ನಿಯಮ ತಿಳಿಯಬೇಕು ಎಂದರೆ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಈಕ್ವಿಟಿ ಡೆರಿವೇಟಿವ್ಸ್ (ಷೇರು ಫ್ಯೂಚರ್ಸ್, ಆಪ್ಷನ್ಸ್) ಪರೀಕ್ಷೆಗೆ ಓದಿ. ಓದುವ ಸಾಮಗ್ರಿ ಅವರೇ ಕೊಡುತ್ತಾರೆ. ಉಳಿದದ್ದು ನೀವೇ ಕೂತು ಮಾಡಬೇಕಾದದ್ದು.

ನಮ್ಮ ಕಡೆಯ ಕಾಲೇಜಿನಲ್ಲಿ ಓದಿದವರಿಗೆ ಕೆಲಸ ಸಿಗುತ್ತದಾ?

ಹೈ-ಫ್ರೀಕ್ವೆನ್ಸಿ ಸಂಸ್ಥೆಗಳು ಹೆಚ್ಚಾಗಿ ಐಐಟಿಗಳಲ್ಲೇ ಆಯ್ಕೆ ಮಾಡುತ್ತವೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಕಚೇರಿಗಳು ಇರುವುದು ಮುಂಬೈ, ಗುರುಗ್ರಾಮ, ಬೆಂಗಳೂರು ಕಡೆ. ಸಂದರ್ಶನದಲ್ಲಿ ಸಂಭವನೀಯತೆಯ ಲೆಕ್ಕ, ಬಾಯಿಲೆಕ್ಕ, ಕೋಡಿಂಗ್ ಕೇಳುತ್ತಾರೆ. ಕಾಲೇಜಿನ ಹೆಸರು ಚಿಕ್ಕದಾದರೆ ಒಳಗೆ ಹೋಗಲು ಬೇರೆ ಬಾಗಿಲು ಹುಡುಕಬೇಕು. ಬ್ರೋಕರ್ ಸಂಸ್ಥೆಗಳ ತಂತ್ರಜ್ಞಾನ ವಿಭಾಗ, ಮ್ಯೂಚುವಲ್ ಫಂಡ್‌ಗಳ ಡೀಲಿಂಗ್ ವಿಭಾಗ, ಬ್ಯಾಂಕುಗಳ ರಿಸ್ಕ್ ವಿಭಾಗ, ಡೇಟಾ ಕಂಪನಿಗಳು. ಅಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದ ಮೇಲೆ ಕಾಲೇಜಿನ ಹೆಸರು ಕೇಳುವವರು ಕಮ್ಮಿಯಾಗುತ್ತಾರೆ. ನೀವು ಕಲಿತದ್ದು ಷೇರಿಗೆ ಮಾತ್ರ ಅಂಟಿಕೊಂಡಿಲ್ಲ ಎನ್ನುವುದೂ ಗಮನದಲ್ಲಿರಲಿ. ಗದ್ದಲದ ಡೇಟಾದಲ್ಲಿ ಸಣ್ಣ ಸತ್ಯವನ್ನು ಹುಡುಕಿ, ಅದು ಸುಳ್ಳಲ್ಲ ಎಂದು ತೋರಿಸಬಲ್ಲವರು ಎಲ್ಲ ಕಡೆಯೂ ಬೇಕು.

ಒಬ್ಬನೇ ಕಲಿಯಲಾ, ಗುಂಪಿನಲ್ಲಾ?

ಮೂರ್ನಾಲ್ಕು ಜನ ಇದ್ದರೆ ಒಳ್ಳೆಯದು. ಒಬ್ಬರು ಕಟ್ಟಿದ ಬ್ಯಾಕ್‌ಟೆಸ್ಟನ್ನು ಇನ್ನೊಬ್ಬರು ಒಡೆಯಲು ನೋಡಬೇಕು, ಅದೇ ಗುಂಪಿನ ನಿಯಮ. ನಮ್ಮ ಕಡೆ ಎದುರಿಗೆ ತಪ್ಪು ಹೇಳಲು ಜನ ಮುಜುಗರ ಪಡುತ್ತಾರೆ. ಇಲ್ಲಿ ಆ ಮುಜುಗರ ಬಿಡಬೇಕು. ಶುರುವಿಗೆ ಎಲ್ಲರೂ ಇಂಟೆಲ್ ಷೇರಿನ ಅದೇ ಮಾದರಿ ಫೈಲ್ ಇಳಿಸಿಕೊಂಡು, ಬೇರೆ ಬೇರೆಯಾಗಿ ಅಸಮತೋಲನದ ಗ್ರಾಫ್ ಹಾಕಿ, ಭಾನುವಾರ ಕೂತು ಹೋಲಿಸಿ. ನಾಲ್ಕು ಗ್ರಾಫ್ ಒಂದೇ ತರಹ ಬಂದಿರುವುದಿಲ್ಲ. ಯಾಕೆ ಬರಲಿಲ್ಲ ಎಂದು ಪತ್ತೆ ಹಚ್ಚಿದ ಮೇಲೆ ಮುಂದಿನ ಹೆಜ್ಜೆಗೆ ಹೋಗಿ.